ಸಂತ ಮಾತೆಯೋನ ಎದುರು ಆಡಿದ ಮಾತು

ಸಾನ್ ಮಾತೆಯೋ, ಚಿಯಾಪಾಸ್ ಬೆಟ್ಟಸೀಮೆ
ಅಕ್ಟೋಬರ್ ೨೯, ಸತ್ತವರ ಹಬ್ಬದ ವಾರ

ಮತಾಲಳ ಅಪ್ಪನಿಗೆ,

ಲೋಷಾ ಹೇಳಿ ಬರೆಸುವುದು. ನಾವೆಲ್ಲ ಕ್ಷೇಮ ಎಂದು ಬರೆಯಲೇ ಎಂದು ಮತಾಲ್ ಕೇಳಿದಳು. ಬರಿ ಅಂದೆ, ಪತ್ರ ಅಂದಮೇಲೆ ಅಷ್ಟಾದರೂ ಮರ್ಯಾದೆ ಇರಲಿ. ನೀನು ಕ್ಷೇಮವೇ ಎಂದು ಮಾತ್ರ ಕೇಳಿಸುವುದಿಲ್ಲ. ಕುರಿಗಳು ಚೆನ್ನಾಗಿವೆ, ಬಿಳಿ ಮೂತಿಯದು ಅವಳಿ ಹಾಕಿದೆ. ಜೋಳ ಒಣಗಿದೆ, ಹಬ್ಬ ಮುಗಿದ ಮೇಲೆ ಮುರಿಯಬೇಕು.

ಫೋನ್ ಮಾಡಬಹುದಿತ್ತಲ್ಲ ಎಂದು ನೀನು ಕೇಳುತ್ತೀಯ. ಫೋನಿನಲ್ಲಿ ನೀನೊಬ್ಬನೇ ಮಾತಾಡುತ್ತೀಯ, ನಾನು ಹೂಂಗುಟ್ಟಬೇಕು. ಐದು ವರ್ಷ ಹೂಂಗುಟ್ಟಿದ್ದು ಸಾಕಾಗಿದೆ. ಬರೆಯುವವಳು ನಿನ್ನ ಮಗಳಾದ್ದರಿಂದ ಬಾಯಿಗೆ ಬಂದ ಕೆಲವು ಮಾತುಗಳನ್ನು ನುಂಗಿಕೊಳ್ಳುತ್ತೇನೆ, ಅದು ನಿನ್ನ ಪುಣ್ಯ.

ನಿನ್ನ ಅಮ್ಮನ ಕೈಲಿ ನೀನು ಹೇಳಿ ಕಳಿಸಿದ್ದು ಬಂದು ಮುಟ್ಟಿತು. 'ಹಿರಿಯರ ಹತ್ರ ಹೋಗಿ, ಅದು ತಪ್ಪು ತಿಳುವಳಿಕೆ ಅಂತ ಹೇಳು. ಪ್ರವಾಸಿಗರಿಗೆ ಹೇಳೋ ಮಾತಿಗೆಲ್ಲ ಅರ್ಥ ಇರಲ್ಲ' ಅಂದೆಯಂತೆ. ಪ್ರವಾಸಿಗರಿಗೆ ಊರು ತೋರಿಸಿ ಅರ್ಥ ಹೇಳುವುದನ್ನೇ ಹೊಟ್ಟೆಪಾಡು ಮಾಡಿಕೊಂಡವನು ನೀನು. ನಿನ್ನ ಬಾಯಲ್ಲಿ ಆ ಮಾತು ಕೇಳಿ ಮತಾಲ್ ಕೂಡ ನಕ್ಕಳು.

ಸಂತನ ಪಾರುಪತ್ಯಕ್ಕೆ ನಾವು ಹೆಸರು ಹೇಳಿದ ದಿನ ನಿನಗೆ ನೆನಪಿರಬಹುದು. ಮತಾಲ್ ಇನ್ನೂ ನನ್ನ ಬೆನ್ನಿನ ಜೋಳಿಗೆಯಲ್ಲಿದ್ದಳು. ನಿನ್ನ ಅಪ್ಪ ಸರದಿ ಬರುವ ಮೊದಲೇ ತೀರಿಕೊಂಡಿದ್ದರು. ಅವರಿಗೆ ಸಿಗದ ಸಂತ ನಮಗಾದರೂ ಸಿಗಲಿ, ಒಂದು ವರ್ಷ ನಮ್ಮ ಮನೆಯಲ್ಲಿ ಇದ್ದುಹೋಗಲಿ ಎಂದು ನೀನು ಹಿರಿಯರ ಎದುರು ಅತ್ತೆ. ಅವರು ನಿನ್ನ ಹೆಸರೊಂದನ್ನೇ ಕೇಳಲಿಲ್ಲ. ಧೂಪದ ಪಾತ್ರೆ ಹಿಡಿಯಲು ಗಂಡ ಬೇಕು, ಅದಕ್ಕೆ ಕೆಂಡ ಹಾಕಲು ಹೆಂಡತಿ ಬೇಕು. ಸಂತನೊಂದಿಗೆ ಮಾತಾಡುವವನು ಅವನು, ಸಂತನ ಬಟ್ಟೆ ಒಗೆಯುವವಳು ಇವಳು. ಒಂಟಿ ಕೈಗೆ ಸಂತನನ್ನು ಕೊಡುವ ಪದ್ಧತಿ ನಮ್ಮಲ್ಲಿಲ್ಲ. 'ರೋಮಿನ್ ಮತ್ತು ಅವನ ಲೋಷಾ' ಎಂದು ಹಿರಿಯರು ಗಟ್ಟಿಯಾಗಿ ಹೇಳಿದರು, ನಾವಿಬ್ಬರೂ ಮಂಡಿಯೂರಿ ನೆಲಕ್ಕೆ ಹಣೆ ಹಚ್ಚಿದೆವು. ಆ ಸರದಿಗಾಗಿ ಮತಾಲ್ ಬೆಳೆದು ದೊಡ್ಡವಳಾಗುವವರೆಗೆ ಕಾದೆವು. ಕಾಯುತ್ತಾ ಇರುವಾಗಲೇ ನೀನು ಕೆಳಗಿನ ಪಟ್ಟಣಕ್ಕೆ ಹೋದೆ. ಮೊದಲು ಕೆಲಸಕ್ಕೆ ಅಂದೆ, ಆಮೇಲೆ ಏನೂ ಅನ್ನಲಿಲ್ಲ.

ನ್ಯಾಯವಾಗಿ ಒಂದು ಮಾತು ಹೇಳಬೇಕು. ನಿನಗೆ ಸಂತನ ಮೇಲಿರುವ ಭಕ್ತಿ ಸುಳ್ಳಲ್ಲ. ನನ್ನನ್ನು ಬಿಟ್ಟೆ, ಈ ಮನೆಯನ್ನು ಬಿಟ್ಟೆ, ಆ ಸರದಿಯನ್ನು ಮಾತ್ರ ಬಿಡಲಿಲ್ಲ. ಅದಕ್ಕೇ ಮಳೆಗಾಲದಲ್ಲಿ, ಬರುವ ವರ್ಷ ನಮ್ಮದೇ ಎಂದು ಹಿರಿಯರು ಸಾರಿದ ಕೂಡಲೇ ನಿನ್ನ ಅಮ್ಮನನ್ನು ಕಳಿಸಿದೆ. ಸಾರಾಯಿ ಬಾಟಲಿ, ಸಿಹಿ ಬ್ರೆಡ್ಡು, ಎರಡು ಕೋಲಾ. ಬೇಡಿಕೊಳ್ಳಲು ಬರುವವರು ತರಬೇಕಾದದ್ದನ್ನೆಲ್ಲ ತಂದಿದ್ದರು. ಹೊಸ್ತಿಲಲ್ಲಿ ಮಂಡಿಯೂರಿದರು. ಆ ವಯಸ್ಸಿನಲ್ಲಿ ನಿನ್ನ ಬದಲು ಅವರು ಮಂಡಿಯೂರುವುದನ್ನು ನೋಡಿ ನನಗೆ ಮೈ ಉರಿಯಿತು.

"ಒಂದ್ ವರ್ಸ ಕಣೆ, ಒಂದೇ ಒಂದ್ ವರ್ಸ. ಆಮ್ಯಾಕೆ ನೀನ್ಯಾರೋ ಅವ್ನ್ಯಾರೋ" ಅಂದರು.

"ಈಗ್ಲೂ ಅಂಗೇ ಅಲ್ವಾ ಅತ್ತೆ? ಪಟ್ಟಣದಾಗೆ ಅವ್ನು ಕಟ್ಕಂಡೋಳು ಒಬ್ಳು ಅವ್ಳಲ್ಲಾ, ಅವ್ಳೇ ಕೆಂಡ ಹಾಕ್ಲಿ."

"ಅವ್ಳಿಗೆ ನಮ್ ಮಾತೇ ಬರಾಕಿಲ್ಲ. ಸಂತನ ತಾವ ಏನಂತ ಮಾತಾಡಾಳು?"

"ನಿಮ್ ಮಗ ದಿನಾ ಅರ್ಥ ಹೇಳಾದೇ ಕೆಲ್ಸ ಅಲ್ವಾ? ಸಂತನಿಗೂ ಹೇಳ್ಲಿ."

"ನಿನ್ ನಾಲ್ಗೆಗೆ ಬೆಂಕಿ ಬೀಳ! ಮೊದ್ಲು ನನ್ನ ಎಬ್ಬಿಸೇ, ಮಂಡಿ ಹಿಡ್ಕಂಡದೆ" ಅಂದರು ಪಾಪ. ಎಬ್ಬಿಸಿ ಕೂರಿಸಿ ಹುರುಳಿಕಾಯಿ ಸಾರು ಕೊಟ್ಟೆ. ಆಗಲ್ಲ ಅನ್ನಲಿಲ್ಲ, ಆಗಲಿ ಅಂತಲೂ ಅನ್ನಲಿಲ್ಲ. ಯೋಚನೆ ಮಾಡಿ ಹೇಳುತ್ತೇನೆ ಅಂದೆ.

ಆಮೇಲೆ ಆ ಗುರುವಾರ ಬಂತು.

ನಾನು ಇಗರ್ಜಿಗೆ ಹೋಗಿದ್ದು ಸೊಂಟನೋವಿಗೆ. ಮಗ್ಗವನ್ನು ಸೊಂಟಕ್ಕೆ ಕಟ್ಟಿಕೊಂಡು ನೇಯುವವಳಿಗೆ ಸೊಂಟ ನೋಯದೆ ಇನ್ನೇನು ನೋಯುತ್ತದೆ? ನೆಲಕ್ಕೆ ಹಾಸಿದ್ದ ಪೈನ್ ಎಲೆ ಸರಿಸಿ, ಒರೆಸಿ, ಮೇಣದಬತ್ತಿಗಳನ್ನು ಸಾಲಾಗಿ ಅಂಟಿಸಿ ಕೂತಿದ್ದೆ. ಎದುರಿಗೆ ಗಾಜಿನ ಪೆಟ್ಟಿಗೆಯಲ್ಲಿ ನಮ್ಮ ಸಂತ ಮಾತೆಯೋ, ಎದೆಯ ಮೇಲೆ ಅವನ ಕೊರಳಿಗೆ ಕಟ್ಟಿದ ಕನ್ನಡಿಗಳು. ಕಣ್ಣಲ್ಲಿ ನೀರಿತ್ತು, ಒಪ್ಪುತ್ತೇನೆ. ಧೂಪದ ಹೊಗೆ ಅಷ್ಟಿತ್ತು.

ಆಗ ಬೆನ್ನ ಹಿಂದೆ ನಿನ್ನ ದನಿ ಕೇಳಿಸಿತು. ತಲೆ ತಿರುಗಿಸುವ ಮೊದಲೇ ನೀನೆಂದು ಗೊತ್ತಾಯಿತು. ಪ್ರವಾಸಕ್ಕೆ ಬಂದ ಟೋಪಿಯವರ ಗುಂಪೊಂದನ್ನು ಕಟ್ಟಿಕೊಂಡು ಬಂದಿದ್ದೆ. ನಾವು ಕೋಲಾ ಕುಡಿದು ತೇಗಿದರೆ ಮೈಯೊಳಗಿನ ದೆವ್ವ ಹಾರಿಹೋಗುತ್ತದೆ ಎಂದು ಸ್ಪ್ಯಾನಿಷಿನಲ್ಲಿ ಹೇಳುತ್ತಿದ್ದೆ. ಹಾಗಿದ್ದರೆ ಹಬ್ಬದೂಟವಾದ ಮೇಲೆ ನೀನು ತೇಗುತ್ತಿದ್ದ ತೇಗಿಗೆ ನಿನ್ನೊಳಗೆ ಏನೂ ಉಳಿದಿರಬಾರದಿತ್ತು. ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ನಿಂತಿರುವ ಕೈಯಿಲ್ಲದ ಸಂತರನ್ನೂ ತೋರಿಸಿದೆ. ತಮ್ಮ ಗುಡಿಗೆ ಬೆಂಕಿ ಬಿದ್ದಾಗ ಕಾಪಾಡಲಿಲ್ಲ ಎಂದು ನಮ್ಮ ಹಿರಿಯರು ಅವರಿಗೆ ಆ ಶಿಕ್ಷೆ ಕೊಟ್ಟರು ಅಂದೆ. ಟೋಪಿಯವರು ಹೋ ಎಂದು ನಕ್ಕರು. ನೀನೂ ಅವರ ಜೊತೆ ನಕ್ಕೆ.

ಆ ಗುಂಪಿನಲ್ಲಿ ಬಿಳಿಗೂದಲ ಹೆಂಗಸೊಬ್ಬಳಿದ್ದಳು. ಅವಳು ನಗಲಿಲ್ಲ. ಚಪ್ಪಲಿ ಕಳಚಿ ನನ್ನ ಪಕ್ಕದಲ್ಲೇ ಮಂಡಿಯೂರಿ ಕೂತಳು. ನನ್ನ ಬತ್ತಿಗಳನ್ನು ನೋಡಿದಳು, ನನ್ನ ಮುಖ ನೋಡಿದಳು. ಮೆಲ್ಲಗೆ ನಿನ್ನನ್ನು ಕೇಳಿದಳು, ಈಕೆ ಯಾರಿಗಾಗಿ ಅಳುತ್ತಿದ್ದಾಳೆ ಅಂತ.

ನೀನು ನನ್ನನ್ನು ನೋಡಿದೆ. ಹೊಗೆಯಲ್ಲಿ ಗುರುತು ಸಿಗಲಿಲ್ಲ ಎಂದು ನಿನ್ನ ಅಮ್ಮನಿಗೆ ಹೇಳಿದ್ದೀಯಂತೆ. ನಮ್ಮ ಕಣ್ಣಿಗೆ ಕಣ್ಣು ಸೇರಿತ್ತು ರೋಮಿನ್. ನಿನ್ನ ಎಡಗೈ ಕಿವಿಯ ಹತ್ತಿರ ಹೋಯಿತು, ಸಿಕ್ಕಿಬಿದ್ದಾಗ ನೀನು ಯಾವಾಗಲೂ ಮಾಡುವಂತೆ. ಆಮೇಲೆ ಅವಳಿಗೆ ಹೇಳಿದೆ: ಗಂಡನಿಗಾಗಿ ಅಳುತ್ತಿದ್ದಾಳೆ, ಪಾಪ ವಿಧವೆ, ಗಂಡ ಸತ್ತು ಐದು ವರ್ಷ.

ವರ್ಷದ ಲೆಕ್ಕವನ್ನು ಮಾತ್ರ ಸರಿಯಾಗಿ ಹೇಳಿದೆ. ನನಗೆ ಸ್ಪ್ಯಾನಿಷ್ ಅರ್ಥವಾಗದು ಅಂದುಕೊಂಡೆಯಾ? ಸಂತೆಯಲ್ಲಿ ಆ ಟೋಪಿಯವರಿಗೇ ಸೊಂಟಪಟ್ಟಿ ಮಾರಿ ನಿನ್ನ ಮಗಳನ್ನು ಓದಿಸಿದವಳು ನಾನು. ಆ ಗಳಿಗೆಯಲ್ಲಿ ನೀನು ನನ್ನನ್ನು ಬೈದಿದ್ದರೂ ಸಹಿಸುತ್ತಿದ್ದೆ. ಗೊತ್ತಿಲ್ಲ ಅಂದಿದ್ದರೂ ಸಹಿಸುತ್ತಿದ್ದೆ. ನಿನ್ನ ಕಥೆಗೆ ಕಣ್ಣೀರು ಬೇಕಾಗಿತ್ತು, ನನ್ನದು ಕೈಗೆ ಸಿಕ್ಕಿತು, ಬಳಸಿಕೊಂಡೆ. ಆಮೇಲೆ ಗುಂಪನ್ನು ಅಟ್ಟಿಕೊಂಡು ಹೊರಟೆ.

ಇಲ್ಲಿ ಮತಾಲ್ ಪೆನ್ನು ನಿಲ್ಲಿಸಿ ನನ್ನ ಮುಖ ನೋಡುತ್ತಿದ್ದಾಳೆ. ಬರಿಯೇ ಅಂದೆ.

ಮಾರನೆಯ ದಿನ ಸಂತೆಯಲ್ಲಿ ಆ ಬಿಳಿಗೂದಲಿನವಳು ನನ್ನನ್ನು ಹುಡುಕಿಕೊಂಡು ಬಂದಳು. ಗುಂಪಿರಲಿಲ್ಲ, ನೀನೂ ಇರಲಿಲ್ಲ. ಹೆಸರು ಇಂಗ್ರಿಡ್ ಅಂತೆ. ಅವಳ ಸ್ಪ್ಯಾನಿಷ್ ನನ್ನದಕ್ಕಿಂತ ಕಡೆ, ಅದರಿಂದ ಇಬ್ಬರಿಗೂ ನಾಚಿಕೆಯಾಗಲಿಲ್ಲ. ಬೆರಳು ಚಾಚಿ ತೋರಿಸಿದಳು. ಒಂದೇ ಬೆರಳಿಗೆ ಎರಡು ಉಂಗುರ. ಒಂದು ತನ್ನದು, ಇನ್ನೊಂದು ಗಂಡನದು. ಹೋದ ಚಳಿಗಾಲದಲ್ಲಿ ತೀರಿಕೊಂಡನಂತೆ. ಅವಳ ಊರಿನಲ್ಲಿ ಯಾರೂ ಜೋರಾಗಿ ಅಳುವುದಿಲ್ಲವಂತೆ, ಅಳುವವರನ್ನು ನೋಡಿದರೆ ಮುಖ ತಿರುಗಿಸುತ್ತಾರಂತೆ. 'ನಿನ್ನೆ ನಿನ್ನ ಪಕ್ಕದಲ್ಲಿ ಕೂತಾಗ ಮೊದಲ ಸಲ ಮನಸ್ಸು ಹಗುರಾಯಿತು' ಎಂದು ನನ್ನ ಕೈ ಹಿಡಿದು ಅತ್ತಳು. ನಾನೂ ಅತ್ತೆ. ಆ ಅಳು ಮಾತ್ರ ಹೊಗೆಯದಲ್ಲ.

'ನನ್ನ ಗಂಡ ಬದುಕಿದ್ದಾನೆ, ನಿನ್ನೆ ನಿನಗೆ ದಾರಿ ತೋರಿಸಿದವನೇ ಅವನು' ಎಂದು ಅವಳಿಗೆ ಹೇಳಬಹುದಿತ್ತು. ಹೇಳಲಿಲ್ಲ. ಹೇಳಿದ್ದರೆ ಅವಳಿಗೆ ನನ್ನ ಮೇಲೆ ಕನಿಕರ ಬರುತ್ತಿತ್ತು. ವಿಧವೆಯ ಮೇಲೆ ಬರುವಂಥದ್ದಲ್ಲ, ಬೇರೆ ಥರದ್ದು. ಅದು ನನಗೆ ಬೇಕಾಗಿರಲಿಲ್ಲ.

ಇಬ್ಬರೂ ಇಗರ್ಜಿಗೆ ಹೋದೆವು. ಬಾಗಿಲಲ್ಲಿ ಬತ್ತಿ ಮಾರುವ ರೋಸಾಮುದುಕಿಯ ಹತ್ತಿರ ಅವಳು ಎರಡು ಹಳದಿ ಬತ್ತಿ ತೆಗೆದುಕೊಂಡಳು, ಸತ್ತವರಿಗೆ ಹಚ್ಚುವವು. ಒಂದನ್ನು ತನ್ನ ಗಂಡನ ಹೆಸರು ಹೇಳಿ ಹಚ್ಚಿದಳು. ಇನ್ನೊಂದನ್ನು ಕೈಯಲ್ಲಿ ಹಿಡಿದು ನನ್ನ ಕಡೆ ತಿರುಗಿದಳು. ನಿನ್ನ ಗಂಡನ ಹೆಸರೇನು ಎಂದು ಕೇಳಿದಳು.

ಹೇಳಿದೆ. ರೋಮಿನ್ ಶಿಲೋನ್ ಅಂದೆ. ಗಟ್ಟಿಯಾಗಿಯೇ ಅಂದೆ, ಸಂತನಿಗೆ ಕೇಳಿಸುವ ಹಾಗೆ. ಅವಳು ನಿನ್ನ ಹೆಸರನ್ನು ತನ್ನ ದೇಶದ ನಾಲಿಗೆಯಲ್ಲಿ ತಿರುಚಿ ತಿರುಚಿ ಹೇಳಿ ಬತ್ತಿ ಹಚ್ಚಿದಳು, ಕಣ್ಣು ಮುಚ್ಚಿದಳು. ನೀನು ಸತ್ತದ್ದಕ್ಕೆ ಅಷ್ಟು ಪ್ರಾಮಾಣಿಕವಾಗಿ ಅತ್ತವಳು ಅವಳೊಬ್ಬಳೇ. ಬತ್ತಿ ಪೂರ್ತಿ ಉರಿದು ನೆಲ ಮುಟ್ಟುವವರೆಗೂ ಇಬ್ಬರೂ ಕೂತಿದ್ದೆವು. ಅವಳು ಅಂದೇ ಊರು ಬಿಟ್ಟಳು.

ರೋಸಾಮುದುಕಿಯ ಕಿವಿ ನಿನಗೆ ಗೊತ್ತೇ ಇದೆ. "ಯಾವ ರೋಮಿನ್ನೇ? ಪಟ್ಟಣದ ರೋಮಿನ್ನಾ? ಅಯ್ಯೋ, ಯಾವಾಗ ಹೋದ್ನೇ? ನಮ್ಗೊಂದ್ ಮಾತು ಹೇಳ್ಬಾರ್ದಾಗಿತ್ತಾ?" ಎಂದು ಊರಿಗೆಲ್ಲ ಸಾರಿಬಿಟ್ಟಳು. ಸಂಜೆಯೊಳಗೆ ನಿನ್ನ ಅಮ್ಮ ಎದೆ ಬಡಿದುಕೊಂಡು ನನ್ನ ಮನೆಗೆ ಬಂದರು. ನಿನಗೆ ಫೋನ್ ಮಾಡಿ ದನಿ ಕೇಳಿಸಿದ ಮೇಲೆ ಅಳು ನಿಲ್ಲಿಸಿ, ನನ್ನನ್ನು ಬೈಯಲು ಶುರುಮಾಡಿದರು. ಅವರ ಮೇಲೆ ನನಗೆ ಕೋಪವಿಲ್ಲ.

ಹಿರಿಯರು ಕರೆಸಿದರು. ಪೆತುಲ್ ತಾತ ಬೆಂಚಿನ ನಡುವೆ ಕೂತಿದ್ದರು, ಮೊಣಕಾಲ ಮೇಲೆ ಬೆಳ್ಳಿಕಟ್ಟಿನ ಕೋಲು.

"ನಿನ್ ಗಂಡ ಬದ್ಕವ್ನೋ ಸತ್ತವ್ನೋ? ಬಾಯ್ಬಿಟ್ ಹೇಳವ್ವ" ಅಂದರು.

"ನಾನೇನ್ ಹೇಳಾದು ತಾತ? ಅವ್ನೇ ಹೇಳವ್ನೆ. ಸಂತನ ಮುಂದೆ ನಿಂತ್ಕಂಡು, ನನ್ನ ಮಕ ನೋಡ್ಕಂಡು, ಇವ್ಳು ಗಂಡ ಸತ್ತೋಳು ಅಂದವ್ನೆ. ನಾನು ಅವ್ನ ಮಾತು ನಡೆಸ್ದೆ ಅಷ್ಟೇಯ."

ನಿನ್ನ ಚಿಕ್ಕಪ್ಪನ ಮಗ ನಿನ್ನ ಪರ ಎದ್ದ. ಅದನ್ನೂ ಹೇಳಿಬಿಡುತ್ತೇನೆ, ನಿನಗೆ ಅಲ್ಲೊಬ್ಬ ದಿಕ್ಕಿರಲಿಲ್ಲ ಅಂದುಕೊಳ್ಳಬೇಡ. "ಅವ್ನು ಹೇಳಿದ್ದು ಸ್ಪ್ಯಾನಿಷ್ನಾಗೆ ತಾತ. ಸಂತನ ತಾವ ನಾವು ಮಾತಾಡಾದು ನಮ್ ಮಾತ್ನಾಗೆ. ಅದು ಲೆಕ್ಕಕ್ಕಿಲ್ಲ" ಅಂದ.

ಪೆತುಲ್ ತಾತನಿಗೆ ಸಿಟ್ಟು ಬಂತು. "ಲೇ, ಸಂತ ಈ ಬೆಟ್ಟ ಹತ್ತಿದ್ದೇ ಆ ಮಾತಾಡೋರ ಹೆಗಲ ಮ್ಯಾಲೆ. ಆ ಮಾತು ನಿಂಗ್ ಬತ್ತದೆ, ಅವ್ನಿಗ್ ಬರಾಕಿಲ್ವಾ?" ಅಂದರು. ಬೆಂಚಿನವರೆಲ್ಲ ತಲೆಯಾಡಿಸಿದರು. "ಮಾತಿಗೆ ತಪ್ಪಿದ ಸಂತರನ್ನೇ ಗೋಡೆ ಕಡೆ ತಿರುಗ್ಸಿ ನಿಲ್ಸಿದೋರು ನಮ್ಮೋರು. ಈ ರೋಮಿನ್ನು ಅವ್ರಿಗಿಂತ ದೊಡ್ಡೋನಾ?"

ಹಳದಿ ಬತ್ತಿ ಉರಿದ ಹೆಸರನ್ನು ಪಾರುಪತ್ಯಕ್ಕೆ ಕರೆಯುವಂತಿಲ್ಲ ಎಂದು ತೀರ್ಮಾನವಾಯಿತು. ಹಾಗೆ ಕರೆದರೆ ಮನೆಗೆ ಬರುವುದು ಸಂತನೋ ಇನ್ನೇನೋ ಯಾರಿಗೆ ಗೊತ್ತು ಅಂದರು. ಸರದಿ ನಮ್ಮ ನಂತರ ಹೆಸರು ಹೇಳಿದ್ದ ಚೇಪ್ ಮತ್ತು ಅವನ ಕತಾಲಳಿಗೆ ಹೋಯಿತು. ಒಳ್ಳೆಯ ಜನ. ಕತಾಲ್ ಆಗಲೇ ಜೋಳ ಕೂಡಿಡುತ್ತಿದ್ದಾಳೆ.

ಈಗ ನೀನು ಹೇಳುವಂತೆ ನಾನು ಹೋಗಿ, ತಪ್ಪು ತಿಳುವಳಿಕೆ ಅನ್ನಬೇಕು. ಅನ್ನುವುದಿಲ್ಲ. ನನಗೆ ತಿಳಿದದ್ದರಲ್ಲಿ ತಪ್ಪೇನೂ ಇರಲಿಲ್ಲ. ಜನ್ಮವಿಡೀ ಕಾದದ್ದನ್ನು ಹೆಂಡತಿಯೊಬ್ಬಳ ಹಟಕ್ಕೆ ಕಳೆದುಕೊಂಡೆ ಎಂದು ನೀನು ಪಟ್ಟಣದಲ್ಲಿ ಹೇಳಿಕೊಂಡು ತಿರುಗುತ್ತಿದ್ದೀಯಂತೆ. ಕಾದದ್ದು ನೀನೊಬ್ಬನೇ ಅಲ್ಲ. ನಿನ್ನ ಹೆಸರಿನ ಜೊತೆಗಿದ್ದ ಇನ್ನೊಂದು ಹೆಸರೂ ಸರದಿಯಿಂದ ಹೋಯಿತು. ಅದನ್ನು ನೀನಾಗಲೀ ನಿನ್ನ ಅಮ್ಮನಾಗಲೀ ಹಿರಿಯರಾಗಲೀ ಒಂದು ಮಾತು ಎತ್ತಲಿಲ್ಲ. ನನಗೆ ಹೊಟ್ಟೆ ಉರಿಯುವುದು ಅದಕ್ಕೆ. ನಿನ್ನನ್ನು ಕಳೆದುಕೊಂಡದ್ದಕ್ಕಿಂತ ಹೆಚ್ಚಾಗಿ ಅದಕ್ಕೇ.

ಇನ್ನು ಮೇಲೆ ಇಗರ್ಜಿಗೆ ಗುಂಪು ತಂದರೆ ನನ್ನ ಕಡೆ ಬೆರಳು ತೋರಿಸಬೇಡ. ಬೇರೆ ಹೆಂಗಸರಿದ್ದಾರೆ, ಅವರಿಗೂ ಅಳುವುದಕ್ಕೆ ಕಾರಣಗಳಿವೆ. ನಿಮ್ಮಪ್ಪನ ಉಣ್ಣೆ ಅಂಗಿ ಪೆಟ್ಟಿಗೆಯಲ್ಲಿದೆ. ನುಸಿ ಹಿಡಿಯದಂತೆ ವರ್ಷ ವರ್ಷ ಬಿಸಿಲಿಗೆ ಹಾಕುತ್ತೇನೆ, ಅದರ ಚಿಂತೆ ಬೇಡ.

ಹೇಳುವುದು ಇಷ್ಟೇ ಇತ್ತು. ಕೊನೆಗೆ ಮತಾಲ್ ಅಭ್ಯಾಸಬಲದಿಂದ 'ನಿನ್ನ' ಎಂದು ಬರೆದಳು. ಅದನ್ನು ಹೊಡೆದುಹಾಕಿಸಿದ್ದೇನೆ.

ಲೋಷಾ

ಮತ್ತೆ ಬರೆದದ್ದು:

ಅಪ್ಪಾ, ಇದು ನಾನು ಮತಾಲ್. ಅವ್ವ ಕುರಿ ಕೂಡಿಹಾಕಲು ಹೋಗಿದ್ದಾಳೆ, ಬರುವುದರೊಳಗೆ ಬರೆದು ಮುಗಿಸಬೇಕು.

ಅವ್ವನ ಸೊಂಟಕ್ಕೆ ಏನೂ ಆಗಿಲ್ಲ. ಆ ಗುರುವಾರ ಅವಳು ಹೋಗಿದ್ದು ಸಂತನಿಗೆ ಒಪ್ಪಿಗೆ ಹೇಳಲು. ಹಿಂದಿನ ದಿನ ಮುಂದಿನ ಕೋಣೆಗೆ ಸುಣ್ಣ ಬಳಿದೆವು, ಸಂತ ಬಂದರೆ ಕೂರಿಸಬೇಕಲ್ಲ ಎಂದು. ಬೆಳಿಗ್ಗೆ ತಲೆಸ್ನಾನ ಮಾಡಿ, ಮದುವೆಯ ಕುಪ್ಪಸ ಹಾಕಿಕೊಂಡಳು. "ಬರ್ಲಿ ಬುಡು ನಿಮ್ಮಪ್ಪ. ಒಂದ್ ವರ್ಸ ಒಂದೇ ಸೂರಿನಡಿ ಇದ್ರೆ ಆಮ್ಯಾಕೆ ಹೋಗ್ತಾನೋ ಇಲ್ವೋ ನೋಡಾನ" ಅಂದಳು. ಅಂದು ನಕ್ಕಳು ಅಪ್ಪಾ. ಅವಳು ಹಾಗೆ ನಕ್ಕದ್ದನ್ನು ನಾನು ನೋಡಿ ಬಹಳ ದಿನವಾಗಿತ್ತು. ನೀನು ಗುಂಪು ಕರೆದುಕೊಂಡು ಬಂದಾಗ ಅವಳ ಬತ್ತಿಗಳು ಇನ್ನೂ ಅರ್ಧವೂ ಉರಿದಿರಲಿಲ್ಲ. ಕೈಯಾರೆ ಒಂದೊಂದನ್ನೇ ನಂದಿಸಿ ಎದ್ದು ಬಂದಳಂತೆ.

ಇದನ್ನು ನಿನಗೆ ಕಳಿಸು ಎಂದು ಅವಳು ಹೇಳಿಲ್ಲ. ಸುಣ್ಣ ಬಳಿದ ಆ ಕೋಣೆಯಲ್ಲೇ ಈಗ ಸತ್ತವರ ಊಟಕ್ಕೆ ಹಲಗೆ ಹಾಕಿದ್ದೇವೆ. ತಾತನ ತಟ್ಟೆಯ ಪಕ್ಕ ನಿನಗೂ ಒಂದು ತಟ್ಟೆ ಇಟ್ಟಿದ್ದಾಳೆ. ಪತ್ರವನ್ನು ಅದರ ಕೆಳಗಿಡು ಅಂದಳು. ಸತ್ತವರು ಓದುತ್ತಾರಾ ಎಂದು ಕೇಳಿದೆ. "ಬದ್ಕಿದ್ದಾಗ ಕೇಳ್ಲಿಲ್ಲ, ಈಗಾದ್ರೂ ಓದ್ಕಳ್ಲಿ" ಅಂದಳು. ನಾನು ಇನ್ನೊಂದು ಹಾಳೆಯಲ್ಲಿ ನಕಲು ಮಾಡಿ ತಟ್ಟೆಯ ಕೆಳಗಿಟ್ಟು, ಇದನ್ನು ಪಟ್ಟಣದ ವ್ಯಾನಿನವನ ಕೈಲಿ ಕೊಡುತ್ತಿದ್ದೇನೆ.

ಇದನ್ನು ಓದಿ ನಿನಗೆ ಓಡಿ ಬರಬೇಕೆನಿಸಬಹುದು. ನನಗೂ ಹಾಗೆ ಆಸೆಯಿತ್ತು. ಆದರೆ ಹಬ್ಬದ ದಿನ ಮಧ್ಯಾಹ್ನ ಬಾಗಿಲಲ್ಲಿ ನಿಂತು, ಮನೆಯ ಸತ್ತವರನ್ನು ಹೆಸರು ಹಿಡಿದು ಊಟಕ್ಕೆ ಕರೆಯುವುದು ಮಗಳ ಕೆಲಸ. ಈ ಸಲ ಯಾರಾದ ಮೇಲೆ ಯಾರನ್ನು ಕರೆಯಬೇಕು ಎಂದು ಅವ್ವ ಹೇಳಿಕೊಟ್ಟಿದ್ದಾಳೆ. ಮೊದಲು ತಾತ, ಆಮೇಲೆ ನೀನು. ನಾನು ಕರೆಯುತ್ತೇನೆ ಅಪ್ಪಾ, ಅವಳ ಮಾತು ಮೀರಲಾರೆ. ಆ ಕರೆಗೆ ಓಗೊಟ್ಟು ಬರುವವರು ಸತ್ತವರು. ನೀನು ಬರಬೇಡ.